ಎಂಜಿಬಿಯ ನಾಲ್ಕು ಪ್ಲಗ್, ಒಂದು ಪೆನ್ಸಿಲ್

ಇಂಗ್ಲೆಂಡಿನ ವಾಂಟೇಜ್ ದಾಟಿ ಹಂಗರ್‌ಫೋರ್ಡ್ ಕಡೆಗೆ ಹೋಗುವ ಎ338 ರಸ್ತೆ, ಊರಿನ ಮನೆಗಳು ಮುಗಿಯುತ್ತಿದ್ದ ಹಾಗೇ ಗುಡ್ಡ ಏರಲು ಶುರು ಮಾಡುತ್ತದೆ. ಚಾಮುಂಡಿ ಬೆಟ್ಟಕ್ಕೆ ಗಾಡಿ ಹತ್ತಿಸಿದವರಿಗೆ ಅದೊಂದು ಏರೇ ಅಲ್ಲ. ನನ್ನ 1966ರ ಎಂಜಿಬಿ ಸ್ಪೋರ್ಟ್ಸ್ ಕಾರಿಗೆ ಮಾತ್ರ ಅದೇ ಹಿಮಾಲಯವಾಗಿತ್ತು. ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ಅದುಮಿದರೆ ಸಾಕು, ಮಿಸ್ಸಿಂಗ್, ಕಿಡಿ ತಪ್ಪಿ ಎಂಜಿನ್ ಮುಗ್ಗರಿಸುತ್ತಿತ್ತು. ಕಾಲು ಸಡಿಲಿಸಿದರೆ ಏನೂ ಆಗದವರ ಹಾಗೆ ಸುಮ್ಮನಾಗುತ್ತಿತ್ತು. ಮನೆಯ ಮುಂದೆ ನಿಲ್ಲಿಸಿ ಐಡ್ಲಿಂಗ್ ಕೇಳಿದರೆ ಹೊಲಿಗೆ ಯಂತ್ರದಂಥ ಸದ್ದು.

ಕಾರು ಕೊಂಡು ಎರಡು ತಿಂಗಳಾಗಿತ್ತು. ನಾವಿರುವುದು ಡಿಡ್‌ಕಾಟ್‌ನಲ್ಲಿ. ಈ ಕಾರು ತಯಾರಾದ ಆಬಿಂಗ್ಡನ್ ಇಲ್ಲಿಂದ ಕಾಲು ಗಂಟೆಯ ದಾರಿ. ಕಾರ್ಖಾನೆ 1980ರಲ್ಲೇ ಬಾಗಿಲು ಹಾಕಿತು, ಆದರೂ ಈ ಸುತ್ತಿನಲ್ಲಿ ಎಂಜಿಬಿ ಇಟ್ಟುಕೊಂಡವರಿಗೆ ಬರವಿಲ್ಲ, ಸಲಹೆ ಕೊಡುವವರಿಗಂತೂ ಮೊದಲೇ ಇಲ್ಲ. ಸಿಕ್ಕವರೆಲ್ಲ ಹೇಳಿದ್ದು ಒಂದೇ ಮಾತು: ಮೊದಲು ಸ್ಪಾರ್ಕ್ ಪ್ಲಗ್ ಬದಲಾಯಿಸು. ಸರಿ, ನಾಲ್ಕು ಪ್ಲಗ್ ತಾನೆ, ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಆರು ಶನಿವಾರ ಹಿಡಿಯಿತು.

ಮೊದಲ ಶನಿವಾರ ಪ್ಲಗ್ ಬಿಚ್ಚಿದ್ದಷ್ಟೇ ಸಾಧನೆ. ಈ ಕಾರಿನ ಬಿ ಸೀರೀಸ್ ಎಂಜಿನ್‌ನಲ್ಲಿ ಪ್ಲಗ್‌ಗಳೂ ಅವಕ್ಕೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರೂ ಬಲಗಡೆ, ಕಾರ್ಬುರೇಟರ್ ಮತ್ತು ಸೈಲೆನ್ಸರ್ ಪೈಪು ಎಡಗಡೆ. ಹಾಗಾಗಿ ಕೈಯಾಡಿಸಲು ಜಾಗಕ್ಕೆ ಕೊರತೆ ಇಲ್ಲ, ಪುಣ್ಯ. ಒಂದು, ಎರಡು, ಮೂರು ಸಲೀಸಾಗಿ ಬಂದವು. ಚಾಂಪಿಯನ್ ಎನ್9ವೈಸಿ, ಮೂರಕ್ಕೂ ಮಸಿ, ಮೂರನೆಯದಕ್ಕೆ ಒಲೆಯ ಮೇಲಿಟ್ಟ ಪಾತ್ರೆಯ ತಳದಷ್ಟು. ನಾಲ್ಕನೆಯದು ಹೊರಗೆ ಬಂದಾಗ ಕೈಯಲ್ಲಿ ಏನೋ ಹಗುರವೆನಿಸಿತು. ಪಕ್ಕಪಕ್ಕ ನಿಲ್ಲಿಸಿ ನೋಡಿದರೆ, ಅದರ ಥ್ರೆಡ್ ಉಳಿದವಕ್ಕಿಂತ ಆರು ಮಿಲಿಮೀಟರಿನಷ್ಟು ಗಿಡ್ಡ.

ಹಳೇ ಬ್ರಿಟಿಷ್ ಕಾರಿಗೆ ಪ್ಲಗ್ ಆರಿಸುವಾಗ ಜನ ಹೀಟ್ ರೇಂಜ್ ಬಗ್ಗೆ ಗಂಟೆಗಟ್ಟಲೆ ವಾದಿಸುತ್ತಾರೆ. ಅದಕ್ಕೂ ಮೊದಲು ನೋಡಬೇಕಾದ್ದು ಈ ಉದ್ದವನ್ನು. ಎಂಜಿಬಿಯ ಹೆಡ್ಡಿಗೆ (ಪ್ಲಗ್ ಕೂರುವ, ಸಿಲಿಂಡರುಗಳ ಮೇಲಿನ ಮುಚ್ಚಳ) ಬೇಕಾದ್ದು 19 ಮಿ.ಮೀ., ಅಂದರೆ ಮುಕ್ಕಾಲು ಇಂಚಿನ ಥ್ರೆಡ್. ಟ್ರಯಂಫ್ ಟಿಆರ್2, ಟಿಆರ್3, ಟಿಆರ್4ಗಳ ನಾಲ್ಕು ಸಿಲಿಂಡರ್ ಎಂಜಿನ್‌ಗೆ ಅರ್ಧ ಇಂಚಿನದು, 12.7 ಮಿ.ಮೀ. ಎರಡರ ವ್ಯಾಸ 14 ಮಿ.ಮೀ.ಯೇ, ಸ್ಪ್ಯಾನರ್ ಕೂರುವ ತಲೆಯೂ ಒಂದೇ ಅಳತೆ. ತೂತಿಗಿಟ್ಟು ತಿರುಗಿಸಿದರೆ ಎರಡೂ ಖುಷಿಯಾಗಿ ಕೂತುಕೊಳ್ಳುತ್ತವೆ. ಎಂಜಿ ಟಿಡಿ ಇಟ್ಟುಕೊಂಡವರ ಪಾಡು ಇನ್ನೂ ಕಷ್ಟ. ಅದೇ ಮಾಡೆಲ್ಲಿನ ಮೊದಲ ಕಾರುಗಳ ಹೆಡ್ಡಿಗೆ ಅರ್ಧ ಇಂಚು, ಕೊನೆಯ ಕಾರುಗಳಿಗೆ ಮುಕ್ಕಾಲು ಇಂಚು. ಎಪ್ಪತ್ತು ವರ್ಷದಲ್ಲಿ ಯಾರು ಯಾವ ಹೆಡ್ ತಂದು ಕೂರಿಸಿದ್ದಾರೋ ಬಲ್ಲವರಾರು. ಪುಸ್ತಕ ನೋಡಿ ಕೊಳ್ಳುವ ಹಾಗಿಲ್ಲ, ಬಿಚ್ಚಿ ಅಳೆದೇ ಕೊಳ್ಳಬೇಕು. ಗಿಡ್ಡ ಹೆಡ್ಡಿಗೆ ಉದ್ದದ ಪ್ಲಗ್ ಹಾಕಿದಿರೋ, ಅದರ ತುದಿ ಪಿಸ್ಟನ್ನಿಗೆ ಬಡಿಯಬಹುದು, ಅಲ್ಲಿಗೆ ಕಥೆ ಮುಗಿಯಿತು.

ನನ್ನದು ಉಲ್ಟಾ ಕೇಸು. ಕಾರು ಮಾರಿದವರಿಗೆ ಫೋನ್ ಮಾಡಿದೆ. ಅವರ ಕೊಟ್ಟಿಗೆಯಲ್ಲಿ ಒಂದು ಟಿಆರ್3ಎ ಕೂಡ ಇತ್ತು, ಪ್ಲಗ್‌ಗಳೆಲ್ಲ ಒಂದೇ ಬಿಸ್ಕತ್ ಡಬ್ಬದಲ್ಲಿ. ಅಷ್ಟು ಕೇಳಿದ ಮೇಲೆ ಬೇರೆ ಪ್ರಶ್ನೆ ಉಳಿಯಲಿಲ್ಲ. ಉದ್ದದ ತೂತಿನಲ್ಲಿ ಗಿಡ್ಡ ಪ್ಲಗ್ ಕೂತರೆ ಕಿಡಿ ಹಾರುವುದು ದಹನ ಕೋಣೆಯಲ್ಲಲ್ಲ, ಗೋಡೆಯೊಳಗಿನ ಗೂಡಿನಲ್ಲಿ. ಪೆಟ್ರೋಲ್ ಗಾಳಿ ಅಲ್ಲಿಗೆ ಸರಿಯಾಗಿ ತಲುಪುವುದೂ ಇಲ್ಲ, ಹೊತ್ತಿದ ಬೆಂಕಿ ಸಲೀಸಾಗಿ ಹೊರಗೆ ಹರಡುವುದೂ ಇಲ್ಲ. ಜೊತೆಗೆ ಪ್ಲಗ್ ತಲುಪದೆ ಬಿಟ್ಟ ಹೆಡ್ಡಿನ ಕೊನೆಯ ನಾಲ್ಕೈದು ಸುತ್ತು ಥ್ರೆಡ್ಡಿಗೆ ಮಸಿ ಕಟ್ಟಿ ಕಲ್ಲಾಗುತ್ತದೆ.

ಹೊಸ ಉದ್ದದ ಪ್ಲಗ್ ಬೆರಳಲ್ಲಿ ತಿರುಗಿಸಿದೆ. ಅರ್ಧಕ್ಕಿಂತ ಸ್ವಲ್ಪ ಕೆಳಗೆ ಹೋಗಿ ಗಪ್ಪೆಂದು ನಿಂತಿತು. ಇಂಥ ಕಡೆ ಸ್ಪ್ಯಾನರ್ ಹಾಕಿ ಒತ್ತಾಯಿಸಿದರೆ ಹೆಡ್ಡಿನ ಥ್ರೆಡ್ ಹೋದಂತೆಯೇ. ಪಕ್ಕದ ಬೀದಿಯ ಎಂಜಿ ಮಿಡ್ಜೆಟ್‌ನವರ ಹತ್ತಿರ 14 ಮಿ.ಮೀ., 1.25 ಪಿಚ್ಚಿನ ಥ್ರೆಡ್ ಚೇಸರ್, ಅಂದರೆ ಥ್ರೆಡ್ ಸ್ವಚ್ಛ ಮಾಡುವ ಉಪಕರಣ, ಇತ್ತು. (ಈ ಕಾರಿನ ನಟ್ಟು ಬೋಲ್ಟುಗಳು ಬಹುಪಾಲು ಇಂಚಿನವು, ಯುಎನ್ಎಫ್. ಪ್ಲಗ್ಗಿನ ತೂತು ಮಾತ್ರ ಅಪ್ಪಟ ಮೆಟ್ರಿಕ್! ಟಿಡಿಯ ಎಂಜಿನ್ ಇದಕ್ಕೂ ವಿಚಿತ್ರ: ಬೋಲ್ಟಿನ ಥ್ರೆಡ್ ಮೆಟ್ರಿಕ್, ತಲೆ ಹಳೇ ಬ್ರಿಟಿಷ್ ಅಳತೆಯಾದ ವಿಟ್‌ವರ್ತ್. ಮಾರಿಸ್ ಕಂಪನಿ 1923ರಲ್ಲಿ ಕೊವೆಂಟ್ರಿಯಲ್ಲಿದ್ದ ಫ್ರೆಂಚರ ಹಾಚ್‌ಕಿಸ್ ಎಂಜಿನ್ ಕಾರ್ಖಾನೆಯನ್ನು ಯಂತ್ರಗಳ ಸಮೇತ ಕೊಂಡದ್ದರ ಫಲ ಅದು.) ಚೇಸರಿನ ಹಲ್ಲುಗಳ ನಡುವಿನ ತೋಡುಗಳಿಗೆ ದಪ್ಪ ಗ್ರೀಸ್ ಮೆತ್ತಿದೆ. ಕಾಲು ಸುತ್ತು ಒಳಗೆ, ಅಷ್ಟೇ ವಾಪಸ್ಸು. ಪೂರ್ತಿ ಹೊರಗೆ ತೆಗೆದು ಗ್ರೀಸ್ ಒರೆಸಿದರೆ ಅದರ ತುಂಬ ಕರಿ ಪುಡಿ, ಎಳ್ಳು ಹುರಿದು ಕುಟ್ಟಿದ ಹಾಗೆ. ಮತ್ತೆ ಗ್ರೀಸ್, ಮತ್ತೆ ಕಾಲು ಸುತ್ತು. ಏಳು ಸಲ ಮಾಡಿದ ಮೇಲೆ ಕೊನೆಯ ತನಕ ಸರಾಗವಾಗಿ ಇಳಿಯಿತು. ಆಮೇಲೆ ನಾಲ್ಕೂ ಪ್ಲಗ್ ಹೊರಗಿಟ್ಟು, ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಸುರುಳಿ) ವೈರ್ ಕಳಚಿ, ಸ್ಟಾರ್ಟರ್ ನಾಲ್ಕು ಸಲ ತಿರುಗಿಸಿ ಒಳಗೆ ಏನಾದರೂ ಬಿದ್ದಿದ್ದರೆ ಹಾರಿಹೋಗಲಿ ಅಂತ ಬಿಟ್ಟೆ. ಒಂದು ಕರಿ ಚೂರು ಹಾರಿ ಬಂದು ಬಾನೆಟ್ಟಿಗೆ ಬಡಿಯಿತು. ಮನಸ್ಸಿಗೆ ಸಮಾಧಾನ.

ಇನ್ನು ನಂಬರ್ ವಿಚಾರ. ಈ ಎಂಜಿನ್‌ಗೆ ಹಳೆ ಕೈಪಿಡಿಗಳು ಹೇಳುವುದು ಚಾಂಪಿಯನ್ ಎನ್9ವೈ. ಈಗ ಅಂಗಡಿಯಲ್ಲಿ ಸಿಗುವುದು ಎನ್9ವೈಸಿ. ಎನ್‌ಜಿಕೆ ಕಂಪನಿಯಲ್ಲಿ ಅದಕ್ಕೆ ಸರಿಸಾಟಿ ಬಿಪಿ6ಇಎಸ್. ಇದನ್ನು ಒಂದೊಂದು ಅಕ್ಷರವಾಗಿ ಓದಿಕೊಳ್ಳಬೇಕು. ಬಿ ಅಂದರೆ 14 ಮಿ.ಮೀ. ಥ್ರೆಡ್. ಪಿ ಅಂದರೆ ಪಿಂಗಾಣಿಯ ಮೂಗು ಕಬ್ಬಿಣದ ಕವಚಕ್ಕಿಂತ ಮುಂದಕ್ಕೆ ಚಾಚಿದೆ ಅಂತ. 6 ಹೀಟ್ ರೇಂಜ್. ಇ ಅಂದರೆ 19 ಮಿ.ಮೀ. ಉದ್ದ, ಆ ಜಾಗದಲ್ಲಿ ಎಚ್ ಇದ್ದರೆ ಅರ್ಧ ಇಂಚು. ಅಂದರೆ ಬಿಪಿ6ಎಚ್ಎಸ್ ಟಿಆರ್3ಗೆ, ಬಿಪಿ6ಇಎಸ್ ನನಗೆ. ಒಂದಕ್ಷರದ ವ್ಯತ್ಯಾಸ ನೋಡಿ! ಚಾಂಪಿಯನ್ನಿನಲ್ಲಿ ಅದೇ ವ್ಯತ್ಯಾಸವನ್ನು ಮೊದಲಕ್ಷರ ಹೇಳುತ್ತದೆ: ಎನ್ ಉದ್ದ, ಎಲ್ ಗಿಡ್ಡ.

ಜನ ದಾರಿ ತಪ್ಪುವುದು ಹೀಟ್ ರೇಂಜಿನಲ್ಲಿ. ಎನ್‌ಜಿಕೆಯಲ್ಲಿ ನಂಬರ್ ಜಾಸ್ತಿಯಾದಷ್ಟೂ ಪ್ಲಗ್ ತಣ್ಣಗೆ, ಚಾಂಪಿಯನ್ನಿನಲ್ಲಿ ನಂಬರ್ ಜಾಸ್ತಿಯಾದಷ್ಟೂ ಬಿಸಿ. ನಮ್ಮೂರಿನ ಮೈಕೋ ಪ್ಲಗ್ ಹಾಕಿ ಬೆಳೆದವರಿಗೆ ಬಾಷ್ ಲೆಕ್ಕ ಗೊತ್ತಿರುತ್ತದೆ, ಅದರ ಈಗಿನ ನಂಬರೂ ಚಾಂಪಿಯನ್ನಿನ ಹಾಗೇ. ಬಿಸಿ ತಣ್ಣಗೆ ಅನ್ನುವುದು ಕಿಡಿಯ ಬಿಸಿ ಅಲ್ಲ. ಪಿಂಗಾಣಿಯ ಮೂಗು ಎಷ್ಟು ಬೇಗ ತನ್ನ ಕಾವನ್ನು ಹೆಡ್ಡಿಗೆ ದಾಟಿಸುತ್ತದೆ ಅನ್ನುವುದು. ಮೂಗು ಉದ್ದವಾಗಿದ್ದರೆ ಕಾವು ದಾಟಲು ಹೊತ್ತು ಹಿಡಿಯುತ್ತದೆ, ಅದು ಬಿಸಿ ಪ್ಲಗ್. ಗಿಡ್ಡ ಮೂಗು ತಣ್ಣನೆಯ ಪ್ಲಗ್. ಮೂಗಿನ ತುದಿ ಸುಮಾರು 450 ಡಿಗ್ರಿ ಮುಟ್ಟಿದರೆ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 850ರ ಮೇಲೆ ಹೋದರೆ ಕಿಡಿ ಬರುವ ಮೊದಲೇ ತಾನೇ ಕೆಂಡವಾಗಿ ಪೆಟ್ರೋಲ್ ಹೊತ್ತಿಸುತ್ತದೆ. ಇವೆರಡರ ನಡುವೆ ಇಟ್ಟುಕೊಳ್ಳುವುದೇ ಆಯ್ಕೆಯ ಆಟ.

ಇಷ್ಟೆಲ್ಲ ಓದಿಕೊಂಡವನು ಮಾಡಿದ್ದೇನು? ಮಸಿ ನೋಡಿ ಹೆದರಿ ಬಿಪಿ5ಇಎಸ್ ತಂದೆ. ಒಂದು ಹೆಜ್ಜೆ ಬಿಸಿ. 'ಮೆಲ್ಲಗೆ ಓಡಿಸುವವರು ಐದೇ ಹಾಕಬೇಕು' ಅಂತ ಒಬ್ಬ ಹಿರಿಯರು ಹೇಳಿದ್ದರು, ನನಗೂ ಅದು ಸರಿ ಅನ್ನಿಸಿತು. ವಾರ ಕಳೆದು ನೋಡಿದರೆ ಮಸಿ ನಿಜಕ್ಕೂ ಕಡಿಮೆಯಾಗಿತ್ತು. ಗುಡ್ಡದ ಮೇಲಿನ ಮಿಸ್ಸಿಂಗ್ ಮಾತ್ರ ಒಂದಿಷ್ಟೂ ಬದಲಾಗಿರಲಿಲ್ಲ.

ಮೂರನೇ ಶನಿವಾರ ನ್ಯೂಬರಿ ಕಡೆಗೆ ಒಂದು ಗಂಟೆ ಜೋರಾಗಿ ಓಡಿಸಿಕೊಂಡು ಹೋಗಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ಕೀ ತಿರುಗಿಸಿದೆ. ಎಂಜಿನ್ ನಿಲ್ಲಲಿಲ್ಲ. ಕೀ ಕೈಯಲ್ಲಿದೆ, ಇಗ್ನಿಷನ್ ದೀಪ ಆರಿದೆ, ಕಾರು ಮಾತ್ರ ಗುಡುಗುಡು ಗುಡುಗುಡು ಅಂತ ಮೈಯೆಲ್ಲ ನಡುಗಿಸಿಕೊಂಡು ಓಡುತ್ತಲೇ ಇದೆ. ಪಕ್ಕದ ಪಂಪಿನಲ್ಲಿದ್ದ ಹೆಂಗಸು ಮಗುವನ್ನು ಹತ್ತಿರ ಎಳೆದುಕೊಂಡರು. ಟಾಪ್ ಗೇರ್ ಹಾಕಿ, ಬ್ರೇಕ್ ಗಟ್ಟಿಯಾಗಿ ತುಳಿದು, ಕ್ಲಚ್ ಬಿಟ್ಟು ಕೊಂದೆ. ಕಿಡಿ ಇಲ್ಲದೆಯೂ ಓಡುತ್ತಿದೆ ಅಂದರೆ ಒಳಗೆ ಏನೋ ಕೆಂಡವಾಗಿ ಕೂತಿದೆ ಅಂತಲೇ ಅರ್ಥ. ಎಂಜಿಬಿಗಳಿಗೆ ಈ ಚಾಳಿ ಮೊದಲಿನಿಂದಲೂ ಇದೆ. ಅವು ಹುಟ್ಟಿದ ಕಾಲದ ಫೋರ್ ಸ್ಟಾರ್ ಪೆಟ್ರೋಲಿನ ಆಕ್ಟೇನ್ ಈಗಿನ ಸಾಧಾರಣ ಪೆಟ್ರೋಲಿನಲ್ಲಿ ಇಲ್ಲ, ಕಂಪ್ರೆಶನ್ 8.8ಕ್ಕೆ 1. ಅದರ ಮೇಲೆ ನಾನು ಬಿಸಿ ಪ್ಲಗ್ ಹಾಕಿ ಉರಿಯುವ ಒಲೆಗೆ ತುಪ್ಪ ಸುರಿದಿದ್ದೆ. ಮನೆಗೆ ಬಂದವನೇ ಐದನ್ನು ಕಿತ್ತು ಆರು ಹಾಕಿದೆ. ಆಮೇಲಿಂದ ಪೆಟ್ರೋಲ್ ಕೂಡ ಆಕ್ಟೇನ್ ಹೆಚ್ಚಿರುವ ಸೂಪರ್, ಇ5.

ಮಸಿಗೆ ಕಾರಣ ಪ್ಲಗ್ ಆಗಿರಲಿಲ್ಲ ಅನ್ನುವುದು ತಲೆಗೆ ಹೋಗಿದ್ದು ಆಗ. ಬಿಚ್ಚಿಟ್ಟ ಹಳೇ ಪ್ಲಗ್‌ಗಳನ್ನು ಸಿಲಿಂಡರಿನ ಸಾಲಿನಲ್ಲೇ ಮೇಜಿನ ಮೇಲೆ ನಿಲ್ಲಿಸಿದೆ. ಒಂದು, ಎರಡು ಸ್ವಲ್ಪ ಕಪ್ಪು. ಮೂರು, ನಾಲ್ಕು ಕಡುಗಪ್ಪು. ಎಂಜಿಬಿಗೆ ಎರಡು ಎಸ್‌ಯು ಕಾರ್ಬುರೇಟರ್. ಮುಂದಿನದು ಒಂದು, ಎರಡಕ್ಕೆ, ಹಿಂದಿನದು ಮೂರು, ನಾಲ್ಕಕ್ಕೆ. ಅಂದರೆ ಕಳ್ಳ ಹಿಂದಿನ ಕಾರ್ಬುರೇಟರಿನಲ್ಲಿ. ಏರ್ ಫಿಲ್ಟರ್ ತೆಗೆದು, ಚೋಕ್ ಎಳೆದು ಬಿಟ್ಟು, ಕೆಳಗಿನಿಂದ ಟಾರ್ಚ್ ಹಿಡಿದೆ. ಈ ಎಚ್ಎಸ್4 ಕಾರ್ಬುರೇಟರಿನಲ್ಲಿ ಚೋಕ್ ಅಂದರೆ ಗಾಳಿಗೆ ಅಡ್ಡ ಬರುವ ತಟ್ಟೆ ಅಲ್ಲ, ಪೆಟ್ರೋಲಿನ ಜೆಟ್ ಕೆಳಗಿಳಿಯುವುದು. ಚೋಕ್ ಬಿಟ್ಟಾಗ ಮುಂದಿನ ಜೆಟ್ ಟಕ್ಕೆಂದು ಮೇಲೆ ಹೋಯಿತು. ಹಿಂದಿನದು ದಾರಿಯಲ್ಲೇ ನಿಂತಿತು. ಬೆರಳಲ್ಲಿ ಮೆತ್ತಗೆ ಒತ್ತಿದೆ, ಒಂದೂವರೆ ಮಿಲಿಮೀಟರಿನಷ್ಟು ಮೇಲೇರಿತು. ಅಂದರೆ ಎರಡು ತಿಂಗಳಿಂದ ನಾನು ಹಿಂದಿನ ಎರಡು ಸಿಲಿಂಡರುಗಳಿಗೆ ಅರೆ ಚೋಕ್ ಹಾಕಿಕೊಂಡೇ ಓಡಿಸುತ್ತಿದ್ದೆ! ಜೆಟ್ಟಿನ ಕಾಂಡ ಒರೆಸಿ, ಒಂದು ತೊಟ್ಟು ತೆಳು ಎಣ್ಣೆ ಬಿಟ್ಟು, ಕೇಬಲ್ಲಿಗೆ ಕೂದಲಷ್ಟು ಸಡಿಲ ಕೊಟ್ಟೆ. ಪಿಸ್ಟನ್ ಎತ್ತುವ ಪಿನ್ನನ್ನು ಮಿಲಿಮೀಟರಿನಷ್ಟು ಒತ್ತಿ ನೋಡಿದೆ. ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಹೆಚ್ಚು, ಎಂಜಿನ್ ಸಾಯಲು ಹೊರಟರೆ ಕಡಿಮೆ, ಚೂರು ಏರಿ ಮತ್ತೆ ಇಳಿದರೆ ಸರಿ. ಜೆಟ್ ನಟ್ಟನ್ನು ಎರಡು ಮುಖದಷ್ಟು ತಿರುಗಿಸುವಷ್ಟರಲ್ಲಿ ಹದ ಸಿಕ್ಕಿತು.

ಮಸಿ ಹೋಯಿತು. ಗುಡ್ಡ ಹೋಗಲಿಲ್ಲ.

ನಾಲ್ಕನೇ ಶನಿವಾರ ಪೂರ್ತಿ ವೈರುಗಳಿಗೆ ಹೋಯಿತು, ಅದನ್ನು ವಿವರಿಸಿ ಬೋರ್ ಹೊಡೆಸುವುದಿಲ್ಲ. ಒಂದು ಮಾತು ಮಾತ್ರ ಹೇಳಬೇಕು. ಪ್ಲಗ್ ನಂಬರಿನಲ್ಲಿ ಆರ್ ಇದ್ದರೆ, ಬಿಪಿಆರ್6ಇಎಸ್ ಥರ, ಅದರೊಳಗೆ ಸುಮಾರು 5 ಸಾವಿರ ಓಮ್ ರೆಸಿಸ್ಟರ್ ಇರುತ್ತದೆ, ರೇಡಿಯೊದಲ್ಲಿ ಗರಗರ ಬರದಿರಲಿ ಅಂತ. ನನ್ನ ಪ್ಲಗ್ ಕ್ಯಾಪುಗಳಲ್ಲೇ ಅಷ್ಟು ರೆಸಿಸ್ಟರ್ ಇದೆ, ಮೀಟರಿನಲ್ಲಿ ನೋಡಿದೆ. ವೈರೂ ಕಾರ್ಬನ್ನಿನದು. ಅದರ ಮೇಲೆ ರೆಸಿಸ್ಟರ್ ಪ್ಲಗ್ ಬೇಡ ಅಂತ ಆರ್ ಇಲ್ಲದ್ದನ್ನೇ ಉಳಿಸಿಕೊಂಡೆ. ಡಿಸ್ಟ್ರಿಬ್ಯೂಟರಿನೊಳಗೆ ಕರೆಂಟ್ ಕಡಿದು ಕೂಡಿಸುವ ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಮಾಡ್ಯೂಲ್ ಕೂರಿಸಿದವರು ಹೀಗೆ ಮಾಡಬಾರದು. ಅವರಿಗೆ ಎಲ್ಲಾದರೂ ಒಂದು ಕಡೆ ರೆಸಿಸ್ಟರ್ ಇರಲೇಬೇಕು, ಇಲ್ಲವಾದರೆ ಮಾಡ್ಯೂಲ್ ತಲೆ ಕೆಡಿಸಿಕೊಳ್ಳುತ್ತದೆ. ಇರಿಡಿಯಂ ಹಾಕಿಲ್ಲವೇ ಅಂತ ಕೇಳಿದವರೂ ಇದ್ದಾರೆ. ವರ್ಷಕ್ಕೆ ಸಾವಿರದೈನೂರು ಮೈಲಿ ಓಡುವ ಕಾರಿನ ಪ್ಲಗ್ ಲಕ್ಷ ಮೈಲಿ ಬಾಳಬೇಕಾಗಿಲ್ಲ. ನಾಲ್ಕು ಕೊಕ್ಕೆಯ (ನಡುವಿನ ಕಡ್ಡಿಗೆ ಎದುರಾಗಿ ಬಾಗಿರುವ ಹೊರಗಿನ ಕಡ್ಡಿ) ಪ್ಲಗ್ಗೂ ಬೇಡ, ಕಿಡಿ ಹಾರುವುದು ಒಂದು ಸಲಕ್ಕೆ ಒಂದೇ ಕೊಕ್ಕೆಗೆ.

ಹಳೇ ಕಾಲದ ಹೊಸ ಪ್ಲಗ್ ಅಂತ ಜಾತ್ರೆಗಳಲ್ಲಿ ಮಾರುತ್ತಾರಲ್ಲ, ಅದರ ಮೋಹವೂ ನನಗಿದೆ. ಹೋದ ಸೆಪ್ಟೆಂಬರಿನಲ್ಲಿ ಬ್ಯೂಲಿಯ ಆಟೊಜಂಬಲ್ ಸಂತೆಯಲ್ಲಿ ಕೆ.ಎಲ್.ಜಿ. ಪ್ಲಗ್ ಒಂದನ್ನು ತಗಡಿನ ಡಬ್ಬಿ ಸಮೇತ ತಂದಿದ್ದೆ. ಕೆನೆಲ್ಮ್ ಲೀ ಗಿನ್ನೆಸ್ ಅನ್ನುವ ರೇಸ್ ಚಾಲಕ ತನ್ನ ಹೆಸರಿನ ಮೊದಲಕ್ಷರ ಇಟ್ಟು ಶುರು ಮಾಡಿದ ಕಂಪನಿ. ಆಗ ಸಿಗುತ್ತಿದ್ದ ಪಿಂಗಾಣಿ ರೇಸಿನ ಕಾವಿಗೆ ಸಿಡಿಯುತ್ತಿತ್ತು ಅಂತ ಅವನು ಅಭ್ರಕ ಸುತ್ತಿ ಪ್ಲಗ್ ಮಾಡಿದ. 1929ರಲ್ಲಿ ಸೀಗ್ರೇವ್ ಗಂಟೆಗೆ 231 ಮೈಲಿ ಓಡಿಸಿದ ಗೋಲ್ಡನ್ ಆರೋ ಕಾರನ್ನು ಕಟ್ಟಿದ್ದೂ ಅದೇ ಪ್ಲಗ್ ಕಾರ್ಖಾನೆಯಲ್ಲಿ. ರಗ್ಬಿಯ ಲಾಜ್ ಪ್ಲಗ್ ಕಥೆಯೂ ಹೀಗೇ ಚೆಂದ, ರೇಡಿಯೊ ಅಲೆಗಳ ಮೇಲೆ ಕೆಲಸ ಮಾಡಿದ ವಿಜ್ಞಾನಿ ಆಲಿವರ್ ಲಾಜ್ ಅವರ ಮಕ್ಕಳು ಕಟ್ಟಿದ್ದು. ನನ್ನ ಕೆ.ಎಲ್.ಜಿ. ಕಿಟಕಿಯ ಮೇಲಿದೆ, ಎಂಜಿನ್ನಿಗೆ ಹಾಕಿಲ್ಲ. ಎಲ್ಲಿ ಹೇಗೆ ಬಿದ್ದಿತ್ತೋ, ಒಳಗೆಲ್ಲೋ ಕಣ್ಣಿಗೆ ಕಾಣದ ಒಂದು ಬಿರುಕಿದ್ದರೆ ಇನ್ನೊಂದು ಆರು ಶನಿವಾರ.

ಐದನೇ ಶನಿವಾರ ಬೆಳಿಗ್ಗೆ ಮೈಸೂರಿನ ಮಾವನಿಗೆ ವಿಡಿಯೊ ಕಾಲ್ ಮಾಡಿದೆ. ಅಮ್ಮನ ತಮ್ಮ, ನಲವತ್ತು ವರ್ಷ ಗ್ಯಾರೇಜ್ ಇಟ್ಟಿದ್ದವರು, ಹೆಚ್ಚಿನಂಶ ಅಂಬಾಸಿಡರ್ ಟ್ಯಾಕ್ಸಿಗಳು. ಇಲ್ಲೊಂದು ಸಂಬಂಧ ಇದೆ. ಹಳೇ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಮತ್ತು ನನ್ನ ಎಂಜಿಬಿಯ 1798 ಸಿಸಿ ಎಂಜಿನ್ ಎರಡೂ ಬಿಎಂಸಿಯ (ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್) ಬಿ ಸೀರೀಸ್, ಒಂದೇ ಮನೆಯ ಅಣ್ಣತಮ್ಮಂದಿರು. ಬಾನೆಟ್ ಕೆಳಗೆ ಫೋನ್ ಹಿಡಿದ ಕೂಡಲೇ ಮಾವ ನಕ್ಕರು.

"ಅಯ್ಯೋ, ನಮ್ ಅಂಬಾಸಿಡರ್ರೇ ಅಲ್ವೇನೋ ಇದು! ಇದಕ್ಕೆ ಅಷ್ಟು ದುಡ್ಡು ಕೊಟ್ಯಾ?"

"ಎರಡು ಕಾರ್ಬುರೇಟರ್ ಇದೆ ಮಾವ."

"ಎರಡು ತಲೆನೋವು ಅನ್ನು. ಸರಿ, ಏರಲ್ಲಿ ಮಾತ್ರ ಮಿಸ್ ಆಗತ್ತೆ ಅಂದೆ. ಬಿಚ್ಚಿದ ಹಳೇ ಪ್ಲಗ್ ಎಸೆದ್ಯಾ?"

ಎಸೆದಿರಲಿಲ್ಲ, ಕಾಫಿ ಡಬ್ಬದಲ್ಲಿದ್ದವು. ಒಂದೊಂದನ್ನೇ ಕ್ಯಾಮೆರಾ ಮುಂದೆ ಹಿಡಿದೆ. ಮಾವ ಕನ್ನಡಕ ಹಣೆಗೇರಿಸಿ ಫೋನನ್ನು ಮೂಗಿನ ಹತ್ತಿರ ತಂದುಕೊಂಡರು, ಪರದೆಯ ತುಂಬ ಅವರ ಒಂದು ಕಣ್ಣು. "ಬ್ರಷ್ ಹಾಕಿ ಉಜ್ಜೋ. ಹಾಂ, ಈಗ ತಿರುಗಿಸು. ಮೇಲಿನ ಕೊಕ್ಕೆ ನೋಡು, ನಡುವಿನ ಕಡ್ಡಿ ನೋಡು. ಯಾವುದು ಸವೆದಿದೆ?"

ಇಷ್ಟು ದಿನ ನಾನು ಬಣ್ಣವನ್ನೇ ನೋಡಿದ್ದೆ, ಸವೆತವನ್ನಲ್ಲ. ನಡುವಿನ ಕಡ್ಡಿಯ ಅಂಚು ಇನ್ನೂ ಚೂಪಾಗಿಯೇ ಇತ್ತು. ಅದರ ಎದುರಿನ ಕೊಕ್ಕೆಯ ಒಳಮೈ ಮಾತ್ರ ಪುಟ್ಟ ಬಟ್ಟಲಿನ ಹಾಗೆ ಗುಳಿ ಬಿದ್ದಿತ್ತು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು.

"ನಿನ್ ಕಾಯಿಲ್ ಉಲ್ಟಾ ಇದೆ ಕಣಪ್ಪಾ," ಅಂದರು ಮಾವ. "ಪೆನ್ಸಿಲ್ ಇಟ್ಟು ನೋಡು. ಮರದ ಪೆನ್ಸಿಲ್, ಕೈಗೆ ರಬ್ಬರ್ ಗ್ಲೌಸ್ ಹಾಕ್ಕೋ ಮೊದ್ಲು."

ಪೆನ್ಸಿಲ್ ಪರೀಕ್ಷೆ ಹೀಗೆ. ಗ್ಯಾರೇಜಿನ ಬಾಗಿಲನ್ನು ಹೊಗೆ ಹೋಗುವಷ್ಟು ಮಾತ್ರ ಬಿಟ್ಟು ಕತ್ತಲೆ ಮಾಡಿಕೊಂಡೆ. ಎಂಜಿನ್ ಐಡ್ಲಿಂಗಿನಲ್ಲಿ. ಒಂದನೇ ಪ್ಲಗ್ಗಿನ ವೈರ್ ಕಳಚಿ, ಅದರ ಲೋಹದ ತುದಿಯನ್ನು ಪ್ಲಗ್ಗಿನ ತಲೆಯಿಂದ ಐದಾರು ಮಿ.ಮೀ. ದೂರಕ್ಕೆ, ಹಿಡಿಗೆ ರಬ್ಬರ್ ಇದ್ದ ಇಕ್ಕಳದಲ್ಲಿ ಹಿಡಿದೆ. ನಡುವೆ ಕಿಡಿ ಹಾರತೊಡಗಿತು, ಟಿಕ್ ಟಿಕ್ ಟಿಕ್. ಆ ಕಿಡಿಯ ದಾರಿಯಲ್ಲಿ ಚೂಪು ಮಾಡಿದ ಪೆನ್ಸಿಲ್ಲಿನ ತುದಿ ಇಟ್ಟೆ. ಕಿಡಿ ಸೀಸದ ಮೂಲಕ ಹಾದುಹೋಗುವಾಗ ಒಂದು ಬದಿಯಲ್ಲಿ ಮಾತ್ರ ಕಿತ್ತಳೆ ಬಣ್ಣದ ಜ್ವಾಲೆ ಚೂರು ಅರಳುತ್ತದೆ. ಅದು ಪ್ಲಗ್ಗಿನ ಕಡೆ ಅರಳಿದರೆ ಸರಿ. ನನ್ನದು ವೈರಿನ ಕಡೆ ಅರಳುತ್ತಿತ್ತು. ನಾಲ್ಕೂ ಸಿಲಿಂಡರಿಗೂ.

ಆಗ ಎಲ್ಲ ಬಿಡಿಸಿಕೊಂಡಿತು. 1967ರ ಕೊನೆಯಲ್ಲಿ ಎರಡನೇ ಮಾರ್ಕ್ ಬರುವ ತನಕ ಎಂಜಿಬಿಗಳು ಪಾಸಿಟಿವ್ ಅರ್ತ್. ಬ್ಯಾಟರಿಯ ಪ್ಲಸ್ ಬಾಡಿಗೆ. ನನ್ನದು 66ರದು, ಅಂದರೆ ಹುಟ್ಟಿನಿಂದ ಪಾಸಿಟಿವ್. ಹಿಂದೆ ಯಾವಾಗಲೋ ರೇಡಿಯೊ ಕೂರಿಸಲು ಯಾರೋ ಅದನ್ನು ನೆಗೆಟಿವ್ ಅರ್ತಿಗೆ ತಿರುಗಿಸಿದ್ದಾರೆ. ಸೀಟಿನ ಹಿಂದಿನ ಎರಡು 6 ವೋಲ್ಟ್ ಬ್ಯಾಟರಿ ಹೋಗಿ ಒಂದು 12 ವೋಲ್ಟಿನದು ಬಂದಿದೆ, ಡೈನಮೋಗೆ ಹೊಸ ಧ್ರುವ ಕೊಟ್ಟಿದ್ದಾರೆ, ಎಲ್ಲ ಅಚ್ಚುಕಟ್ಟು. ಕಾಯಿಲ್ಲಿನ ಎರಡು ವೈರ್ ಅದಲು ಬದಲು ಮಾಡುವುದೊಂದನ್ನು ಮರೆತಿದ್ದಾರೆ. ಹಾಗೆ ಮರೆತರೂ ಕಾರು ಓಡುತ್ತದೆ, ಅದೇ ತೊಂದರೆ.

ಕಿಡಿಯೆಂದರೆ ಎಲೆಕ್ಟ್ರಾನುಗಳ ಹಾರಾಟ, ಕಾದ ಲೋಹದಿಂದ ಅವು ಸುಲಭವಾಗಿ ಹೊರಡುತ್ತವೆ. ಪ್ಲಗ್ಗಿನಲ್ಲಿ ಎಲ್ಲಕ್ಕಿಂತ ಬಿಸಿಯಾಗಿರುವುದು ಪಿಂಗಾಣಿಯೊಳಗಿನ ನಡುಗಡ್ಡಿ. ಹಾಗಾಗಿ ನಡುಗಡ್ಡಿ ನೆಗೆಟಿವ್ ಆಗಿರಬೇಕು, ಅರ್ತ್ ಯಾವ ಕಡೆಯಾದರೂ ಇರಲಿ. ಉಲ್ಟಾ ಆದರೆ ತಣ್ಣಗಿರುವ ಕೊಕ್ಕೆಯಿಂದ ಕಿಡಿ ಹೊರಡಬೇಕು, ಅದಕ್ಕೆ ಹೆಚ್ಚು ವೋಲ್ಟೇಜ್ ಬೇಕು. ಐಡ್ಲಿಂಗಿನಲ್ಲಿ ಸಿಲಿಂಡರಿನೊಳಗೆ ಒತ್ತಡ ಕಡಿಮೆ, ಕಾಯಿಲ್ ಹೇಗೋ ಸುಧಾರಿಸಿಕೊಳ್ಳುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಅದುಮಿದಾಗ ಸಿಲಿಂಡರ್ ತುಂಬ ಗಾಳಿ ನುಗ್ಗಿ ಒತ್ತಡ ಏರುತ್ತದೆ, ಅಷ್ಟು ದಟ್ಟ ಗಾಳಿಯಲ್ಲಿ ಕಿಡಿ ಹಾರಿಸಲು ಮೊದಲೇ ಹೆಚ್ಚು ವೋಲ್ಟೇಜ್ ಬೇಕು, ಉಲ್ಟಾ ಕಾಯಿಲ್ ಅಲ್ಲಿ ಕೈ ಚೆಲ್ಲುತ್ತದೆ. ಎ338ರ ಏರು ನನ್ನ ಕಾರಿನ ವೋಲ್ಟ್ ಮೀಟರ್ ಆಗಿತ್ತು.

ರಿಪೇರಿಗೆ ಹಿಡಿದದ್ದು ಮೂರು ನಿಮಿಷ. ಲೂಕಾಸ್ ಕಾಯಿಲ್ಲಿನ ಮೇಲೆ ಎರಡು ಗುರುತು: ಎಸ್‌ಡಬ್ಲ್ಯು ಅಂದರೆ ಸ್ವಿಚ್, ಸಿಬಿ ಅಂದರೆ ಕಾಂಟ್ಯಾಕ್ಟ್ ಬ್ರೇಕರ್. ಇಗ್ನಿಷನ್ನಿನಿಂದ ಬರುವ ಬಿಳಿ ವೈರ್ ಎಸ್‌ಡಬ್ಲ್ಯುಗೆ, ಡಿಸ್ಟ್ರಿಬ್ಯೂಟರಿಗೆ ಹೋಗುವ ಬಿಳಿ ಕಪ್ಪು ಗೆರೆಯ ವೈರ್ ಸಿಬಿಗೆ, ಹೆಸರಿಗೆ ತಕ್ಕ ಹಾಗೇ ಇದ್ದವು. ನೋಡಿದವರು ಯಾರೂ ತಪ್ಪು ಅನ್ನುತ್ತಿರಲಿಲ್ಲ, ನಾನೂ ನಾಲ್ಕು ಸಲ ನೋಡಿ ಸರಿ ಅಂದುಕೊಂಡಿದ್ದೆ. ಆದರೆ ಆ ಹೆಸರುಗಳು ಪಾಸಿಟಿವ್ ಅರ್ತ್ ಕಾಲದವು. ನೆಗೆಟಿವ್ ಅರ್ತಿನ ಕಾರಿನಲ್ಲಿ ಬಿಳಿ ವೈರ್ ಸಿಬಿಗೆ, ಇನ್ನೊಂದು ಎಸ್‌ಡಬ್ಲ್ಯುಗೆ ಹೋಗಬೇಕು. ಪ್ಲಸ್ ಮೈನಸ್ ಅಂತ ಬರೆದಿರುವ ಹೊಸ ಕಾಯಿಲ್ಲಿನಲ್ಲಿ ಈ ಗೊಂದಲ ಇಲ್ಲ, ನೆಗೆಟಿವ್ ಅರ್ತಿನಲ್ಲಿ ಮೈನಸ್ ಡಿಸ್ಟ್ರಿಬ್ಯೂಟರಿಗೆ. ಬದಲಾಯಿಸಿ ಮತ್ತೆ ಪೆನ್ಸಿಲ್ ಹಿಡಿದೆ. ಜ್ವಾಲೆ ಈ ಸಲ ಪ್ಲಗ್ಗಿನ ಕಡೆ. ಮುಂದಿನವರು ಯಾರಾದರೂ 'ಅಯ್ಯೋ, ವೈರ್ ಉಲ್ಟಾ ಹಾಕಿದ್ದಾರೆ' ಅಂತ ಸರಿಪಡಿಸದಿರಲಿ ಅಂತ ಕಾಯಿಲ್ಲಿಗೆ ಒಂದು ಚೀಟಿ ಅಂಟಿಸಿದ್ದೇನೆ.

ಆರನೇ ಶನಿವಾರಕ್ಕೆ ಹೊಸ ಬಿಪಿ6ಇಎಸ್ ನಾಲ್ಕು, ಈ ಸಲ ಎದುರಿಗೆ ಕೌಂಟರ್ ಇರುವ ಅಂಗಡಿಯಿಂದ. ಹಿಂದಿನ ಸಲ ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ತರಿಸಿದ ನಾಲ್ಕರಲ್ಲಿ ಒಂದರ ನಡುಗಡ್ಡಿ ಓರೆಯಾಗಿತ್ತು, ಅಕ್ಷರಗಳ ಅಚ್ಚೂ ಮಸುಕು. ಅಸಲಿಯೋ ನಕಲಿಯೋ, ನಾಲ್ಕನ್ನೂ ಕಸಕ್ಕೆ ಹಾಕಿದೆ. ಪೆಟ್ಟಿಗೆಯಿಂದ ತೆಗೆದಾಗ ಗ್ಯಾಪ್ 0.8 ಮಿ.ಮೀ. ಹತ್ತಿರ ಇತ್ತು. ಈ ಕಾರಿಗೆ ಬೇಕಾದ್ದು 25 ಥೌ (ಇಂಚಿನ ಸಾವಿರದಲ್ಲಿ 25 ಪಾಲು), ಅಂದರೆ 0.64 ಮಿ.ಮೀ. ಕೊಕ್ಕೆಯನ್ನು ಮೇಜಿನ ಮರಕ್ಕೆ ಮೆಲ್ಲಗೆ ತಟ್ಟಿ, ಫೀಲರ್ ಗೇಜ್ ತುಸು ಹಿಡಿದು ಜಾರುವ ತನಕ. ಥ್ರೆಡ್ ಹಿಡಿಸಲು ಸ್ಪ್ಯಾನರ್ ಬೇಡ. ಪ್ಲಗ್ಗಿನ ತಲೆಗೆ ಒಂದು ಗೇಣು ಪೆಟ್ರೋಲ್ ಪೈಪು ಸಿಕ್ಕಿಸಿ ಅದನ್ನೇ ತಿರುಗಿಸುವುದು. ಥ್ರೆಡ್ ಅಡ್ಡ ಹೋದರೆ ಪೈಪು ಜಾರುತ್ತದೆ, ಹೆಡ್ ಉಳಿಯುತ್ತದೆ. ವಾಷರ್ ತಾಗಿದ ಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು, ಚೂರು ಜಾಸ್ತಿ.

ವಾಂಟೇಜ್ ದಾಟಿ ಏರು ಶುರುವಾದಾಗ ಟಾಪ್ ಗೇರಿನಲ್ಲೇ ಕಾಲು ಅದುಮಿದೆ. ಅದೇ ತಿರುವು, ಅದೇ ಬೇಲಿ. ಕಾರು ಉಸಿರೆಳೆದುಕೊಂಡು ಹತ್ತಿತು. ಮೇಲೆ ತಲುಪುವ ಮೊದಲು, ಪೂರ್ತಿ ಲೋಡಿನಲ್ಲಿರುವಾಗಲೇ ಕ್ಲಚ್ ಒತ್ತಿ ಕೀ ಆಫ್ ಮಾಡಿ, ಬಂದ ವೇಗದಲ್ಲೇ ಪಕ್ಕದ ತಂಗುಜಾಗಕ್ಕೆ ಉರುಳಿಸಿಕೊಂಡು ಹೋದೆ. ಐಡ್ಲಿಂಗಿಗೆ ಬಿಟ್ಟು ಆಮೇಲೆ ಬಿಚ್ಚಿದರೆ ಪ್ಲಗ್ಗಿನ ಬಣ್ಣ ಐಡ್ಲಿಂಗಿನ ಕಥೆ ಹೇಳುತ್ತದೆ, ಏರಿನದಲ್ಲ. ಎಂಜಿನ್ ತಾನೇ ನಿಂತಿತು, ಗುಡುಗುಡು ಇಲ್ಲ. ಕಬ್ಬಿಣದ ಹೆಡ್ ಆದ್ದರಿಂದ ಬಿಸಿಯಲ್ಲೇ ಬಿಚ್ಚಲು ಧೈರ್ಯ ಮಾಡಿದೆ, ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು.

ಒಂದು, ಎರಡು, ನಾಲ್ಕು: ಹಾಲು ಹೆಚ್ಚಾದ ಕಾಫಿ ಬಣ್ಣ. ಹಳೇ ಪುಸ್ತಕಗಳಲ್ಲಿರುವ ಬೂದು ಬಣ್ಣದ ಚಿತ್ರಗಳಿಗೆ ಹೋಲಿಸಬೇಡಿ, ಅವು ಸೀಸ ಬೆರೆತ ಪೆಟ್ರೋಲಿನ ಕಾಲದವು. ಇಲ್ಲಿ ಅಂಥ ಪೆಟ್ರೋಲ್ 1999ರ ಕೊನೆಗೆ ನಿಂತಿತು. ಈಗ ಬಣ್ಣ ತೆಳುವಾಗಿಯೇ ಇರುತ್ತದೆ. ಮೂರನೆಯದರ ಪಿಂಗಾಣಿಯೂ ಅದೇ ಬಣ್ಣ, ಆದರೆ ಕವಚದ ಒಂದು ಅಂಚಿನಲ್ಲಿ ಒದ್ದೆ ಕಪ್ಪು. ಬೆರಳಿಗೆ ಹಚ್ಚಿ ಉಜ್ಜಿದೆ, ಜಾರುತ್ತಿತ್ತು. ಪೆಟ್ರೋಲ್ ಮಸಿಯಲ್ಲ, ಎಂಜಿನ್ ಆಯಿಲ್. ವಾಲ್ವ್ ಕಾಂಡದ ಸೀಲ್ ಹೋಗಿರಬೇಕು.

ಆ ಸಿಲಿಂಡರಿಗೆ ಮಾತ್ರ ಐದು ಹಾಕಿಬಿಡು, ಎಣ್ಣೆ ಸುಟ್ಟುಹೋಗುತ್ತದೆ ಅಂತ ಅದೇ ಹಿರಿಯರು ಹೇಳಿದರು. ಈ ಸಲ ಕೇಳಲಿಲ್ಲ. ಹೆಡ್ ಇಳಿಸದೆಯೇ ಸೀಲ್ ಬದಲಾಯಿಸಬಹುದಂತೆ, ಮಾವ ದಾರಿ ಹೇಳಿಕೊಟ್ಟಿದ್ದಾರೆ: ಪ್ಲಗ್ಗಿನ ತೂತಿನಿಂದ ಹಗ್ಗ ತುರುಕಿ, ಪಿಸ್ಟನ್ನನ್ನು ಮೇಲೆ ತಂದರೆ ವಾಲ್ವ್ ಕೆಳಗೆ ಬೀಳದ ಹಾಗೆ ಹಗ್ಗವೇ ಎತ್ತಿ ಹಿಡಿದಿರುತ್ತದೆ. ಎಂಟು ಮಿಲಿಮೀಟರಿನ ನೈಲಾನ್ ಹಗ್ಗ ಎರಡು ಮೀಟರ್ ತಂದಿಟ್ಟಿದ್ದೇನೆ. "ಇನ್ನೊಂದು ತುದಿ ಹೊರಗೆ ಗಂಟು ಹಾಕೋದು ಮರೀಬೇಡ ಮತ್ತೆ," ಅಂದಿದ್ದಾರೆ ಮಾವ, ಯಾವಾಗಲೋ ಒಂದು ಸಲ ಮರೆತಿದ್ದವರ ಧ್ವನಿಯಲ್ಲಿ.